ಅವನದೇ ಸಿಲಿಂಡರ್

ಆ ಕಾರಿನ ಕೆಲಸವನ್ನು ನಾನು ಒಪ್ಪಿಕೊಂಡದ್ದು ಕಾರಿನ ಮೇಲಿನ ಆಸೆಯಿಂದಲ್ಲ. ಅದರ ಬ್ರೇಕಿಗೆ ನನಗಿಂತ ಮೊದಲು ಕೈ ಹಾಕಿದವನು ಯಾರೆಂದು ಕೇಳಿ ತಿಳಿದುಕೊಂಡ ಮೇಲೆ ಒಪ್ಪಿಕೊಂಡೆ.

ಸೀತಾಂಗೋಳಿಯಲ್ಲಿ ನಮ್ಮದೊಂದು ಬ್ರೇಕ್ ವರ್ಕ್‌ಶಾಪ್ ಇತ್ತು, ಈಗಲೂ ಉಂಟು. ಗಂಡ ಶಾರ್ಜಾದಲ್ಲಿ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದರು. ವರ್ಕ್‌ಶಾಪನ್ನು ನಾನೇ ನಡೆಸುತ್ತಿದ್ದೆ. ಮದುವೆಗೆ ಮೊದಲು ಐಟಿಐಯಲ್ಲಿ ಫಿಟ್ಟರ್ ಕಲಿತವಳು ನಾನು. ಉಳಿದದ್ದನ್ನು ಗಂಡನ ಪಕ್ಕದಲ್ಲಿ ನಿಂತು ಕಲಿತೆ. ಹೆಂಗಸು ಬ್ರೇಕ್ ಬಿಚ್ಚುತ್ತಾಳೆ ಎಂಬ ನಗು ಆ ಹೊತ್ತಿಗೆ ಊರಿನಲ್ಲಿ ಹಳತಾಗಿತ್ತು. ಆದರೆ ಜನ ನಮ್ಮ ಬಳಿ ತರುತ್ತಿದ್ದದ್ದು ಆಟೋ, ಸ್ಕೂಟರು, ಹೆಚ್ಚೆಂದರೆ ಗೂಡ್ಸ್ ಟೆಂಪೊ. ಕಾರು, ಜೀಪುಗಳೆಲ್ಲ ನಾಯ್ಮಾರ್ಮೂಲೆಗೆ, ಅವನ ಬಳಿಗೆ ಹೋಗುತ್ತಿದ್ದವು.

ಅವನು ಎಂದರೆ ನಮ್ಮ ಹಳೆಯ ಪಾಲುದಾರ. ನನ್ನ ಗಂಡನಿಗಿಂತ ಚಿಕ್ಕವನು, ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದ, ನಮ್ಮ ಅಡುಗೆಮನೆಯಲ್ಲಿ ಕುಳಿತು ಉಣ್ಣುತ್ತಿದ್ದ. ಒಂದು ಭಾನುವಾರ ನಾನೂ ಗಂಡನೂ ಇಗರ್ಜಿಯಲ್ಲಿ ಸಂಬಂಧಿಕರ ಮಗುವಿನ ಜ್ಞಾನಸ್ನಾನಕ್ಕೆ ಹೋಗಿದ್ದಾಗ ವರ್ಕ್‌ಶಾಪಿನಲ್ಲಿ ಅವನೊಬ್ಬನೇ ಇದ್ದ. ಅವತ್ತು ಒಂದು ಬಾಡಿಗೆ ಜೀಪಿನ ಹಿಂದಿನ ಬ್ರೇಕ್ ಕೆಲಸ ಮಾಡಿ ಸಂಜೆಗೆ ಕೊಟ್ಟ. ಎರಡು ದಿನದ ನಂತರ ಇಳಿಜಾರಿನಲ್ಲಿ ಆ ಜೀಪು ನಿಲ್ಲದೆ ಕೆಂಪುಕಲ್ಲಿನ ಗೋಡೆಗೆ ಹೊಡೆಯಿತು. ಚಾಲಕನ ಸೊಂಟ ಮುರಿಯಿತು, ಒಂದು ಕಾಲು ಮೊದಲಿನಂತೆ ಆಗಲೇ ಇಲ್ಲ. ಪೊಲೀಸರು ಬಂದು ಕೇಳಿದಾಗ ಪಾಲುದಾರ ನನ್ನ ಗಂಡನನ್ನು ತೋರಿಸಿದ. ಅಂಗಳದಲ್ಲಿ ನಿಂತು ನಾನು ಕೇಳಿದ್ದಕ್ಕೆ, "ಬೋರ್ಡಿನಲ್ಲಿ ಹೆಸರು ಅವರದ್ದಲ್ವ ಅಕ್ಕ" ಎಂದ. ಅಷ್ಟು ಹೇಳಿ ಬೈಕು ಹತ್ತಿ ಹೋದವನು ಆಮೇಲೆ ನಮ್ಮ ಗೇಟು ದಾಟಿ ಬರಲಿಲ್ಲ. ಇಗರ್ಜಿಯಲ್ಲಿದ್ದೆವು ಎಂದರೆ, ಬಂದ ಮೇಲೆ ಮಾಡಿದ್ದಿರಬಹುದು ಎಂದರು ಜನ. ಕೇಸು ಹೇಗೋ ಮುಗಿಯಿತು. ಆದರೆ "ಅವರ ಕೈಯ ಬ್ರೇಕು" ಎಂಬ ಮಾತು ಮುಗಿಯಲಿಲ್ಲ. ನನ್ನ ಗಂಡ ಒಂದು ವರ್ಷ ಖಾಲಿ ವರ್ಕ್‌ಶಾಪಿನಲ್ಲಿ ಕುಳಿತು ನೋಡಿದರು, ಮತ್ತೆ ವೀಸಾ ಮಾಡಿಸಿಕೊಂಡು ಹೊರಟುಹೋದರು.

ಇದಾಗಿ ಕೆಲವು ವರ್ಷಗಳ ನಂತರ, ಮಳೆಗಾಲ ಮುಗಿದ ಹೊಸತರಲ್ಲಿ, ಹಾಜಿಯವರು ಆ ಕಾರನ್ನು ತಂದರು. ಕಾಸರಗೋಡಿನಲ್ಲಿ ಬಟ್ಟೆ ಅಂಗಡಿ ಇರುವ ಬ್ಯಾರಿ ವ್ಯಾಪಾರಿ. ಹತ್ತಿಪ್ಪತ್ತು ವರ್ಷ ಕೊಲ್ಲಿಯಲ್ಲಿದ್ದು ಬಂದವರು. ಕಾರು ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ತಗ್ಗಾದ ಬಾಗಿಲು, ಗಾಢ ಹಸಿರು ಬಣ್ಣ. ಕೊಡಗಿನ ಒಂದು ಕಾಫಿ ಎಸ್ಟೇಟಿನ ಶೆಡ್ಡಿನಲ್ಲಿ ಕೋಳಿಗಳ ಕೆಳಗೆ ಇದ್ದದ್ದನ್ನು ಅವರು ಕೊಂಡಿದ್ದರು. ಕೊಂಡ ದಿನ ಸಂಪಾಜೆ ಘಾಟಿ ಇಳಿಯುವಾಗ ಬ್ರೇಕು ಕೈಕೊಟ್ಟು ಗೇರಿನಲ್ಲೇ ಇಳಿಸಿಕೊಂಡು ಬಂದಿದ್ದರಂತೆ. ಹೆಂಡತಿಯನ್ನು ಕೂರಿಸಿಕೊಂಡು ಒಮ್ಮೆ ಅದೇ ಘಾಟಿಯಲ್ಲಿ ಮಡಿಕೇರಿಗೆ ಹೋಗಿಬರಬೇಕು ಎನ್ನುವುದು ಅವರ ಆಸೆ. ಅದಕ್ಕಾಗಿ ಮುಂದಿನ ಚಕ್ರಗಳಿಗೆ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸಿದ್ದರು. ಪೆಡಲು ಒತ್ತಿದಾಗ ಚಕ್ರಗಳಿಗೆ ಆಯಿಲ್ ದೂಡುವ ಹಳೆಯ ಮಾಸ್ಟರ್ ಸಿಲಿಂಡರಿನ ಬದಲು ಮುಂದಕ್ಕೊಂದು ಹಿಂದಕ್ಕೊಂದು ಬೇರೆ ಬೇರೆ ಲೈನು ಹೋಗುವ ಎರಡು ಕೋಣೆಯ ಸಿಲಿಂಡರ್ ಹಾಕಿಸಿದ್ದರು. ಒಂದು ಲೈನು ಒಡೆದರೂ ಇನ್ನೊಂದು ಹಿಡಿಯಲಿ ಎಂದು.

"ಕೆಲಸ ಎಲ್ಲ ಆಯ್ತು ಬಾಯಮ್ಮ, ಆದ್ರೆ ಬ್ರೇಕ್ ಇಲ್ಲ" ಎಂದರು ಹಾಜಿಯವರು. "ಹೊರಡುವಾಗ ಒಳ್ಳೆದುಂಟು. ಕುಂಬಳೆ ಮುಟ್ಟುವಾಗ ಪೆಡಲು ಕಲ್ಲಾಗ್ತದೆ. ಮತ್ತೆ ಒಂದು ಸುಟ್ಟ ವಾಸನೆ. ಮೂರು ಸಲ ವಾಪಸ್ ಕೊಂಡು ಹೋದೆ. ಹಳೇ ಕಾರು, ಹಾಗೇ ಇರ್ತದೆ ಹೇಳ್ತಾನೆ."

"ಯಾರು ಹೇಳಿದ್ದು?"

ಅವರು ಪಾಲುದಾರನ ಹೆಸರು ಹೇಳಿದರು.

ನಾನು ಬಾನೆಟ್ ಎತ್ತಿ ಸಿಲಿಂಡರಿನ ಕಡೆ ನೋಡಿದೆ. ಅದನ್ನು ಕೂರಿಸಿದ ಬ್ರಾಕೆಟಿನ ವೆಲ್ಡಿಂಗ್ ಅವನದೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಗಂಡನೇ ಕಲಿಸಿದ ಕೈ ಅದು.

"ಮಾಡಿಕೊಡ್ತೇನೆ ಹಾಜಿಯವರೆ, ಆದ್ರೆ ಒಂದು ಮಾತು" ಎಂದೆ. "ಕೆಲಸ ಆದ ಮೇಲೆ ಈ ಕಾರು ಒಂದು ಸಲ ನಾಯ್ಮಾರ್ಮೂಲೆಗೆ ಹೋಗ್ಬೇಕು. ಅವನ ಗ್ಯಾರೇಜಿಗೆ. ಮಧ್ಯಾಹ್ನ, ಪೇಟೆಯಲ್ಲಿ ಜನ ಇರುವಾಗ. ಓಡಿಸುವುದು ನಾನು."

ಹಾಜಿಯವರಿಗೆ ಜೀಪಿನ ಕತೆ ಗೊತ್ತಿತ್ತು. ಅವರು ಟೋಪಿ ಸರಿಮಾಡಿಕೊಂಡರು. "ಜಗಳ ಆಗ್ಲಿಕ್ಕಿಲ್ಲ ಅಲ್ವ?"

"ನಾನು ಕೈ ಎತ್ತುವುದಿಲ್ಲ."

"ಹಾಗಾದ್ರೆ ಆಗ್ಬಹುದು" ಎಂದು ಕೀಲಿಕೈ ಕೊಟ್ಟರು.

ಅವರು ಹೋದ ಮೇಲೆ ನಾನು ಮಾಡಿದ್ದು ಇಷ್ಟೇ: ಸೀಟಿನಲ್ಲಿ ಕುಳಿತು ಪೆಡಲು ಒತ್ತಿದೆ. ಗಟ್ಟಿ ಇತ್ತು. ಸಿಲಿಂಡರಿನ ಮೈಮೇಲೆ ಅಚ್ಚೊತ್ತಿದ ಅಳತೆ ಓದಿದೆ. ಒಳಗಿನ ಕೊಳವೆಯ ಅಗಲ, ನಾವು ಬೋರು ಎನ್ನುತ್ತೇವೆ, ಇಪ್ಪತ್ತೂವರೆ ಮಿಲ್ಲಿಮೀಟರ್. ಕಾರಿನ ಜೊತೆ ಹುಟ್ಟಿ ಬಂದ ಹಳೆಯ ಸಿಲಿಂಡರಿನದ್ದು ಹದಿನೇಳೂವರೆ. ಬೋರು ದೊಡ್ಡದಾದರೆ ಒಂದೇ ಒತ್ತಿಗೆ ಹೆಚ್ಚು ಆಯಿಲ್ ಹೋಗುತ್ತದೆ, ಆದರೆ ಕಾಲಿನ ಬಲವೂ ಹೆಚ್ಚು ಬೇಕು. ಸಣ್ಣದಾದರೆ ಕಾಲಿಗೆ ಹಗುರ, ಆದರೆ ಪೆಡಲು ದೂರ ಹೋಗಬೇಕು. ಈ ಕಾರಿಗೆ ಹಿಂದಿನಿಂದ ಬಲ ಕೊಡುವ ಬೂಸ್ಟರ್ ಬೇರೆ ಇಲ್ಲ. ದೊಡ್ಡ ಬೋರು ಹಾಕಿ ಪೆಡಲು ಕಲ್ಲು ಮಾಡಿದ್ದಾನೆ, ಕಲ್ಲನ್ನು ಒತ್ತಿ ಒತ್ತಿ ಪ್ಯಾಡು ಸುಟ್ಟಿದೆ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಕಾರನ್ನು ಜ್ಯಾಕಿನ ಮೇಲೆ ಎತ್ತಲಿಲ್ಲ, ಚಕ್ರ ತಿರುಗಿಸಿ ನೋಡಲಿಲ್ಲ. ಬೇರೆ ಯಾರ ಕೆಲಸವಾಗಿದ್ದರೂ ನೋಡುತ್ತಿದ್ದೆ. ಅವನ ತಪ್ಪು ಸಿಕ್ಕಿತಲ್ಲ ಎಂಬ ಖುಷಿಗೆ ನನಗೆ ಅಷ್ಟೇ ಸಾಕಾಗಿತ್ತು.

ಅವನ ಸಿಲಿಂಡರನ್ನು ಬಿಚ್ಚಿ, ಒರೆಸಿ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿಬಟ್ಟೆ ಹಾಸಿ ಇಟ್ಟೆ. ನಾಯ್ಮಾರ್ಮೂಲೆಯಲ್ಲಿ ಅವನ ಬೆಂಚಿನ ಮೇಲೆ ಅದನ್ನು ಹೇಗೆ ಇಡಬೇಕು, ಆಗ ಎಂತ ಹೇಳಬೇಕು ಎಂದು ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಬಾಯಿಪಾಠ ಮಾಡಿಕೊಂಡೆ. ಮಂಗಳೂರಿನ ಬಿಡಿಭಾಗದ ವ್ಯಾಪಾರಿಯ ಮೂಲಕ ಹದಿನೇಳೂವರೆ ಬೋರಿನ, ಎರಡು ಕೋಣೆಯ ಹೊಸ ಸಿಲಿಂಡರ್ ತರಿಸಿದೆ. ಡಿಸ್ಕ್ ಇರುವ ಗಾಡಿಗೆಂದೇ ಮಾಡಿದ್ದು. ನೋಡಲು ಚಂದ ಇತ್ತು.

ಕೂರಿಸುವುದೇ ಒಂದು ಕೆಲಸವಾಯಿತು. ಬೋಲ್ಟಿನ ತೂತುಗಳು ಹೊಂದದೆ ದಪ್ಪ ತಗಡಿನಲ್ಲಿ ಹೊಸ ಬ್ರಾಕೆಟ್ ಮಾಡಿದೆ. ಪೈಪುಗಳ ತುದಿಯ ನಟ್ಟು ಬೇರೆ ಅಳತೆಯದ್ದು, ಅದನ್ನೂ ಬದಲಿಸಿ ತುದಿ ಅಗಲಿಸಿದೆ. ಸಿಲಿಂಡರನ್ನು ಮೊದಲು ವೈಸಿನಲ್ಲಿ ಹಿಡಿದು ಆಯಿಲ್ ತುಂಬಿ, ಪಿಸ್ಟನ್ನನ್ನು ನಿಧಾನ ದೂಡಿ ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆದೆ. ಕಾರಿಗೆ ಹಾಕಿದ ಮೇಲೆ ಹಾಜಿಯವರನ್ನೇ ಕರೆಸಿ ಪೆಡಲಿನಲ್ಲಿ ಕೂರಿಸಿ, ದೂರದ ಚಕ್ರದಿಂದ ಹತ್ತಿರದ ಚಕ್ರದವರೆಗೆ ಒಂದೊಂದಾಗಿ ಗಾಳಿ ತೆಗೆದೆ.

ಪೆಡಲು ಹಗುರವಾಗಿತ್ತು. ತುಂಬಾ ಹಗುರ. ಅರ್ಧ ದಾಟಿ, ಮುಕ್ಕಾಲು ದಾಟಿ, ಕಾಲಡಿಯ ಹಲಗೆಗೆ ಎರಡು ಬೆರಳು ಇರುವಾಗ ಮಾತ್ರ ಹಿಡಿಯುತ್ತಿತ್ತು. ಗಾಳಿ ಉಳಿದಿರಬೇಕು ಎಂದುಕೊಂಡು ಮತ್ತೆ ತೆಗೆದೆ. ಹಿಂದಿನ ಡ್ರಮ್ಮುಗಳ ಶೂ ಹತ್ತಿರ ಮಾಡಿದೆ. ಪೆಡಲಿನಿಂದ ಪಿಸ್ಟನ್ನನ್ನು ಒತ್ತುವ ಸರಳಿನ ಉದ್ದ ಸರಿಪಡಿಸಿದೆ. ಒಂದು ಬೆರಳು ಮೇಲೆ ಬಂತು, ಅಷ್ಟೇ. ಬೋರು ಸಣ್ಣದಾಯಿತೇ ಎಂಬ ಯೋಚನೆ ಬಂದಾಗಲೆಲ್ಲ ಅದನ್ನು ದೂಡಿಬಿಡುತ್ತಿದ್ದೆ. ಸಣ್ಣದು ತಪ್ಪಾದರೆ ದೊಡ್ಡದು ಸರಿ, ದೊಡ್ಡದು ಅವನದ್ದು.

ಅನಂತಪುರದ ಬಯಲಿನಲ್ಲಿ, ಕೈಗಾರಿಕೆಯವರ ಶೆಡ್ಡುಗಳ ನಡುವಿನ ಸಮತಟ್ಟು ರಸ್ತೆಯಲ್ಲಿ ಓಡಿಸಿ ನೋಡಿದೆವು. ನಿಂತಿತು. ವಾಸನೆಯೂ ಇರಲಿಲ್ಲ. ಹಾಜಿಯವರಿಗೆ ಸಮಾಧಾನವಾಗಿ, "ಒಮ್ಮೆ ನಾಯ್ಕಾಪಿನ ಕಡೆ ಇಳಿಸಿ ನೋಡುವ" ಎಂದರು. ಇಳಿಜಾರಿನ ತಿರುವಿನಲ್ಲಿ ಒಂದು ಬಸ್ಸು ಜನ ಇಳಿಸುತ್ತ ನಿಂತಿತ್ತು. ನಾನು ಪೆಡಲು ಒತ್ತಿದೆ. ಅದು ಹೋಯಿತು, ಹೋಯಿತು, ಹಲಗೆ ಮುಟ್ಟಿತು. ಕಾರು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಎರಡನೆಯ ಸಲ ಒತ್ತಿ, ಕೈಬ್ರೇಕು ಎಳೆದು, ಎಡಗಡೆಯ ಮಣ್ಣಿಗೆ ಇಳಿಸಿದೆ. ಬಸ್ಸಿನ ಹಿಂದಿನ ಏಣಿ ನನ್ನ ಬಲಗೈ ಚಾಚಿದರೆ ಸಿಗುವಷ್ಟು ಹತ್ತಿರ ಇತ್ತು. ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ಹಸಿರು ಕಾರನ್ನು ಕಂಡು ನಕ್ಕು ಮುಂದೆ ಹೋದಳು. ಆಗಿಬಿಡಬಹುದಾಗಿದ್ದುದು ಅವಳಿಗೆ ಗೊತ್ತೇ ಆಗಲಿಲ್ಲ.

ಹಾಜಿಯವರು ಇಳಿದು ರಸ್ತೆಬದಿಯ ಕೆಂಪುಕಲ್ಲಿನ ಮೇಲೆ ಕುಳಿತರು. ಸಿಟ್ಟು ಮಾಡಲಿಲ್ಲ. ಮುಖ ಒರೆಸಿಕೊಂಡು, "ಅವನದ್ದು ಕಲ್ಲು ಬಾಯಮ್ಮ, ನಿಮ್ಮದು ಹತ್ತಿ" ಎಂದರು. ಮತ್ತೆ, "ಇದು ಪೇಟೆಯಲ್ಲಿ ಗೊತ್ತಾದ್ರೆ ನಿಮ್ಮ ಮನೆಯವರ ಬಗ್ಗೆ ಹೇಳಿದ್ದೇ ಹೇಳ್ತಾರೆ. ನಾನು ಹೇಳುವುದಿಲ್ಲ. ಆದ್ರೆ ನೀವು ಎಂತ ಮಾಡ್ತೀರಿ ನೋಡಿ" ಎಂದರು.

ಆ ಏಣಿಗೆ ಹೊಡೆದಿದ್ದರೆ ಅವನು ನಾಯ್ಮಾರ್ಮೂಲೆಯಲ್ಲಿ ಕುಳಿತು ಹೇಗೆ ನಗುತ್ತಿದ್ದ ಎಂಬುದೇ ಕಣ್ಣಮುಂದೆ ಬರುತ್ತಿತ್ತು. ಕಾರಿನಲ್ಲಿದ್ದ ಹಾಜಿಯವರ ನೆನಪು ಆಮೇಲೆ ಬಂತು.

ಶುಕ್ರವಾರ ಗಂಡನಿಗೆ ರಜೆ, ಹನ್ನೊಂದರ ಸುಮಾರಿಗೆ ಫೋನು ಮಾಡುತ್ತಿದ್ದರು. ಕಾರಿನ ವಿಷಯ ಅಷ್ಟರವರೆಗೆ ಅವರಿಗೆ ಹೇಳಿರಲಿಲ್ಲ. ಅವತ್ತು ಹೇಳಿದೆ. ಪಾಲುದಾರನ ಹೆಸರನ್ನು ಅವರು ದಾಟಿ ಹೋದರು. ಮುಂದಿನ ಕ್ಯಾಲಿಪರಿನ, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗದ, ಪಿಸ್ಟನ್ ಎಷ್ಟು ದಪ್ಪ ಎಂದು ಕೇಳಿದರು. ಹಿಂದಿನ ಡ್ರಮ್ಮಿನದ್ದು ಎಷ್ಟು. ಪೆಡಲಿನ ಕೀಲಿನಿಂದ ಸರಳಿಗೆ ಎಷ್ಟು ದೂರ, ಪಾದಕ್ಕೆ ಎಷ್ಟು. ಆ ಬದಿಯಲ್ಲಿ ಪೆನ್ನಿನ ಸದ್ದು ಕೇಳುತ್ತಿತ್ತು.

"ಕ್ಯಾಲಿಪರ್ ಇಷ್ಟು ದೊಡ್ಡದಿದ್ದರೆ ಹದಿನೇಳೂವರೆಯಲ್ಲಿ ಆಯಿಲ್ ಸಾಲುವುದಿಲ್ಲ" ಎಂದರು. "ಇಪ್ಪತ್ತೂವರೆಯೇ ಬೇಕು. ಬೋರು ಅವನು ಹಾಕಿದ್ದೇ ಸರಿ."

"ಸರಿ ಇದ್ರೆ ಪೆಡಲು ಕಲ್ಲು ಆದದ್ದು ಯಾಕೆ?"

"ನೀನು ಬೇರೆ ಸಿಲಿಂಡರ್ ಹಾಕಿದ ಮೇಲೆ ವಾಸನೆ ಉಂಟಾ?"

"ಇಲ್ಲ."

"ಹೊರಡುವಾಗ ಅವನದ್ದರಲ್ಲಿ ಪೆಡಲು ಒಳ್ಳೆದಿತ್ತು, ದೂರ ಹೋದ ಮೇಲೆ ಗಟ್ಟಿಯಾದದ್ದು, ಅಲ್ವ? ಬೋರು ದೊಡ್ಡದಾಗಿದ್ದರೆ ಹೊರಡುವಾಗಲೇ ಗಟ್ಟಿ ಇರಬೇಕು. ಅವನ ಸಿಲಿಂಡರಿನಲ್ಲಿ ಹೋದ ಆಯಿಲ್ ಪೂರ್ತಿ ವಾಪಸ್ ಬರುತ್ತಿಲ್ಲ. ಪ್ಯಾಡು ಡಿಸ್ಕನ್ನು ಹಿಡಿದುಕೊಂಡೇ ಇದೆ. ಒಳಗೆ ಬಿಚ್ಚಿ ನೋಡಿದ್ದಿಯಾ?"

ನಾನು ಅನ್ನದ ಪಾತ್ರೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ.

"ನೀನು ನೋಡ್ತಿರುವುದು ಬ್ರೇಕನ್ನಾ, ಅವನನ್ನಾ?"

ಫೋನು ಇಟ್ಟುಬಿಟ್ಟೆ. ಹತ್ತು ವರ್ಷದ ದಾಂಪತ್ಯದಲ್ಲಿ ಅವರ ಮಾತಿನ ನಡುವೆ ಫೋನು ಇಟ್ಟದ್ದು ಅದೊಂದೇ ಸಲ. ಅವನಿಂದಾಗಿ ಮರಳುಗಾಡಿನಲ್ಲಿ ಬ್ರೆಡ್ಡು ಹಂಚುವ ಮನುಷ್ಯ, ಅವನದ್ದೇ ಸರಿ ಎಂದು ನನಗೆ ಹೇಳಬೇಕೇ ಎಂದು ಅಡುಗೆಮನೆಯಲ್ಲಿ ನಿಂತು ಅತ್ತೆ. ಅನ್ನ ತಳ ಹಿಡಿಯಿತು.

ಮಧ್ಯಾಹ್ನ ಊಟ ಮಾಡದೆ ವರ್ಕ್‌ಶಾಪಿಗೆ ಹೋಗಿ ರಟ್ಟಿನ ಪೆಟ್ಟಿಗೆ ತೆಗೆದೆ.

ಅವನ ಸಿಲಿಂಡರ್ ಒಂದು ಹಳೆಯ ವ್ಯಾನಿನದ್ದು. ನಾಲ್ಕು ಚಕ್ರಕ್ಕೂ ಡ್ರಮ್ ಇದ್ದ ವ್ಯಾನು. ಪಿಸ್ಟನ್, ಸ್ಪ್ರಿಂಗ್, ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ಪು ಎಲ್ಲ ಬಿಚ್ಚಿ ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಎಲ್ಲ ಹೊಸತು, ಎಲ್ಲ ಚೊಕ್ಕ. ಕೊಳವೆಯಲ್ಲಿ ಒಂದು ಗೀರು ಇಲ್ಲ. ಆಯಿಲ್ ವಾಪಸ್ ಬರುವ ಸಣ್ಣ ತೂತಿಗೆ ತಂತಿ ಹಾಕಿದೆ, ಸಲೀಸಾಗಿ ಹೋಯಿತು. ಇನ್ನುಳಿದದ್ದು ಪೈಪು ಸೇರುವ ಬಾಯಿಗಳು. ಬಾಯಿಯೊಳಗೆ ಒಂದು ಹಿತ್ತಾಳೆಯ ಬಿಲ್ಲೆ ಗಟ್ಟಿಯಾಗಿ ಕೂತಿರುತ್ತದೆ. ಸಾಮಾನ್ಯವಾಗಿ ಯಾರೂ ಅದನ್ನು ತೆಗೆಯುವುದಿಲ್ಲ. ನಾನು ಅದರ ತೂತಿಗೆ ಸಣ್ಣ ಸ್ಕ್ರೂ ತಿರುಗಿಸಿ ಇಕ್ಕಳದಲ್ಲಿ ಎಳೆದೆ. ಬಿಲ್ಲೆಯ ಹಿಂದೆ ಕಡಲೆಕಾಳಿನಷ್ಟು ಒಂದು ರಬ್ಬರಿನ ವಾಲ್ವು, ಅದರ ಹಿಂದೆ ಒಂದು ತೆಳು ಸ್ಪ್ರಿಂಗ್.

ಡ್ರಮ್ಮಿನ ಬ್ರೇಕಿಗೆ ಅದು ಬೇಕು. ಕಾಲು ತೆಗೆದ ಮೇಲೂ ಲೈನಿನಲ್ಲಿ ಸ್ವಲ್ಪ ಒತ್ತಡ ಹಿಡಿದಿಟ್ಟು ಚಕ್ರದ ರಬ್ಬರ್ ಕಪ್ಪುಗಳು ಗಾಳಿ ಎಳೆಯದಂತೆ ಕಾಯುತ್ತದೆ. ಡ್ರಮ್ಮಿನಲ್ಲಿ ಶೂಗಳನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಇರುವುದರಿಂದ ತೊಂದರೆ ಇಲ್ಲ. ಡಿಸ್ಕಿನಲ್ಲಿ ಆ ಸ್ಪ್ರಿಂಗ್ ಇಲ್ಲ. ಅಲ್ಲಿ ಒತ್ತಡ ಉಳಿದರೆ ಪ್ಯಾಡು ಡಿಸ್ಕನ್ನು ಬಿಡುವುದಿಲ್ಲ. ಕಾರು ಓಡಿದಷ್ಟೂ ಉಜ್ಜುತ್ತದೆ, ಕಾಯುತ್ತದೆ, ಆಯಿಲ್ ಹಿಗ್ಗಿ ಪೆಡಲು ಕಲ್ಲಾಗುತ್ತದೆ. ಘಾಟಿಯಲ್ಲಾದರೆ ಇನ್ನೂ ಕಾದು ಆಯಿಲ್ ಕುದಿಯುತ್ತದೆ, ಆಗ ಪೆಡಲು ಇರುವುದೇ ಇಲ್ಲ. ಮುಂದಿನ ಲೈನಿನ ಬಾಯಿಯಿಂದ ಆ ಕಾಳಿನಷ್ಟರದ್ದನ್ನು ತೆಗೆಯುವುದು ಅವನ ಕೆಲಸವಾಗಿತ್ತು. ಅವನು ತೆಗೆದಿರಲಿಲ್ಲ. ಹಾಜಿಯವರು ಹೆಂಡತಿಯನ್ನು ಕೂರಿಸಿಕೊಂಡು ಹೋಗಿದ್ದರೆ ಸಂಪಾಜೆಯ ಯಾವ ತಿರುವಿನಲ್ಲಿ ಪೆಡಲು ಹೋಗುತ್ತಿತ್ತೋ.

ವಾಲ್ವನ್ನು ಅಂಗೈಯಲ್ಲಿ ಇಟ್ಟುಕೊಂಡು ಕುಳಿತೆ. ಅಷ್ಟು ಸಂತೋಷ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ. ಒಳ್ಳೆಯ ಸಂತೋಷ ಅಲ್ಲ ಅದು, ಆದರೂ ಸಂತೋಷವೇ.

ಈಗ ಯಾವ ಸಿಲಿಂಡರ್ ಹಾಕುವುದು ಎಂಬ ಪ್ರಶ್ನೆ ಉಳಿಯಿತು. ಇಪ್ಪತ್ತೂವರೆ ಬೋರಿನ ಹೊಸತೊಂದನ್ನು ತರಿಸಬಹುದಿತ್ತು. ಹಾಜಿಯವರ ಹತ್ತಿರ ಅವನ ಸಿಲಿಂಡರ್ ಪೂರ್ತಿ ಗುಜರಿ ಎನ್ನಬಹುದಿತ್ತು; ಅವರು ನಂಬುತ್ತಿದ್ದರು. ಬೋರಿನ ವಿಷಯದಲ್ಲಿ ಅವನು ಸರಿ ಇದ್ದ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ದಿನ ಅದನ್ನೇ ಯೋಚಿಸಿದೆ. ಮತ್ತೆ ಅನ್ನಿಸಿತು: ಹೊಸ ಸಿಲಿಂಡರ್ ಹಾಕಿದರೆ ಅವನು "ಹೊಸ ಸಾಮಾನು ಹಾಕಿದ್ರೆ ಯಾರು ಬೇಕಾದ್ರೂ ನಿಲ್ಲಿಸಬಹುದು" ಎನ್ನುತ್ತಾನೆ. ಅವನದೇ ಬ್ರಾಕೆಟು, ಅವನದೇ ಪಿಸ್ಟನ್ನು, ಅವನದೇ ಸಿಲಿಂಡರ್ ಹಾಗೇ ಕೂರಿಸಿ, ಈ ಕಾಳೊಂದನ್ನು ಮಾತ್ರ ತೆಗೆದು ಕಾರು ನಿಲ್ಲಿಸಿ ತೋರಿಸಿದರೆ ಅವನಿಗೆ ಹೇಳಲು ಬಾಯಿ ಇರುವುದಿಲ್ಲ. ಸರಿಯಾದ ಕೆಲಸವೂ ಅದೇ ಆಗಿತ್ತು. ಆದರೆ ನಾನು ಅದನ್ನು ಆರಿಸಿಕೊಂಡದ್ದು ಸರಿ ಎಂಬುದಕ್ಕಲ್ಲ, ಹೆಚ್ಚು ನೋಯುತ್ತದೆ ಎಂಬುದಕ್ಕೆ.

ಹಿಂದಿನ ಡ್ರಮ್ಮಿನ ಬಾಯಿಯ ವಾಲ್ವನ್ನು ಉಳಿಸಿಕೊಂಡೆ, ಮುಂದಿನದ್ದನ್ನು ತೆಗೆದು ಬಿಲ್ಲೆ ಮಾತ್ರ ವಾಪಸು ಹೊಡೆದೆ. ಸರಳಿಗೂ ಪಿಸ್ಟನ್ನಿಗೂ ನಡುವೆ ಒಂದು ಮಿಲ್ಲಿಮೀಟರ್ ಸಡಿಲ ಬಿಟ್ಟೆ. ಸುಟ್ಟಿದ್ದ ಪ್ಯಾಡು ಬದಲಿಸಿದೆ, ಆಯಿಲ್ ಪೂರ್ತಿ ಹೊಸತು ಹಾಕಿದೆ. ಈ ಸಲ ಕಾರನ್ನು ಎತ್ತಿ, ಪೆಡಲು ಒತ್ತಿಸಿ ಬಿಡಿಸಿ, ಮುಂದಿನ ಚಕ್ರವನ್ನು ಬೆರಳಿನಲ್ಲಿ ತಿರುಗಿಸಿದೆ. ಸುಮ್ಮನೆ ತಿರುಗುತ್ತಲೇ ಇತ್ತು. ನಾಯ್ಕಾಪಿನ ಇಳಿಜಾರಿನಲ್ಲಿ ಹಾಜಿಯವರನ್ನು ಕೂರಿಸದೆ ನಾನೊಬ್ಬಳೇ ಹೋಗಿ, ಮೇಲೆ ಕೆಳಗೆ ಓಡಿಸಿ, ಬೇಕೆಂದೇ ಗಟ್ಟಿಯಾಗಿ ನಿಲ್ಲಿಸಿದೆ. ಡಿಸ್ಕು ಕಾದಿತ್ತು, ಪೆಡಲು ಇದ್ದಲ್ಲೇ ಇತ್ತು.

ಇನ್ನೊಂದು ಕೆಲಸ ಬಾಕಿ ಇತ್ತು. ಜೀಪಿನ ಚಾಲಕ ಈಗ ಮಧೂರು ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಹೂವು, ತೆಂಗಿನಕಾಯಿ ಮಾರುತ್ತಿದ್ದ. ಅಪಘಾತದ ನಂತರ ಅವನಾಗಲಿ ಅವನ ಮನೆಯವರಾಗಲಿ ನಮ್ಮೊಡನೆ ಮಾತಾಡಿರಲಿಲ್ಲ. ನಾನು ಅಂಗಡಿಯ ಮುಂದೆ ನಿಂತಾಗ ಅವನು ಹೂವು ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಎಂತ ಬೇಕು?"

"ಅವತ್ತು ನಿಮ್ಮ ಜೀಪಿನ ಕೆಲಸ ಮಾಡಿದ್ದು ನನ್ನ ಗಂಡ ಅಲ್ಲ. ನಾವು ಇಗರ್ಜಿಯಲ್ಲಿದ್ದೆವು."

"ಅದು ನೀವು ಹೇಳುವುದು."

"ಹೌದು. ನನ್ನ ಮಾತು ನಂಬಬೇಡಿ. ಗುರುವಾರ ನನ್ನ ಜೊತೆ ನಾಯ್ಮಾರ್ಮೂಲೆಗೆ ಬನ್ನಿ. ಅವನ ಬಾಯಿಂದ ಎಂತ ಬರ್ತದೆ ನೋಡಿ."

"ಮಾಡಿದ್ದು ಯಾರು ಅಂತ ಗೊತ್ತಾದ್ರೆ ನನ್ನ ಕಾಲು ಬರ್ತದಾ ಬಾಯಮ್ಮ?" ಎಂದ. ನಾನು ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ, "ಎಷ್ಟು ಗಂಟೆಗೆ?" ಎಂದು ಕೇಳಿದ.

ಗುರುವಾರ ಹಾಜಿಯವರು ತಮ್ಮ ಸೀಟನ್ನು ಚಾಲಕನಿಗೆ ಬಿಟ್ಟುಕೊಟ್ಟು ಆಟೋದಲ್ಲಿ ಹಿಂದೆ ಬಂದರು. ಅಷ್ಟು ತಗ್ಗಿನ ಕಾರಿಗೆ ಚಾಲಕನನ್ನು ಇಳಿಸಿ ಕೂರಿಸಲು ನಾವಿಬ್ಬರೂ ಹಿಡಿಯಬೇಕಾಯಿತು. ದಾರಿಯಲ್ಲಿ ನಾನು ಬ್ರೇಕು ಒತ್ತಿದಾಗಲೆಲ್ಲ ಅವನ ಗಟ್ಟಿ ಇರುವ ಕಾಲು ತಾನಾಗಿ ಹಲಗೆಯನ್ನು ಒತ್ತುತ್ತಿತ್ತು.

ನಾಯ್ಮಾರ್ಮೂಲೆಯ ಪೇಟೆ ತುಂಬಿತ್ತು. ಗ್ಯಾರೇಜಿನ ಮುಂದೆ ಎರಡು ಕಾರು, ಕಾಯುವ ಗಿರಾಕಿಗಳು, ಪಕ್ಕದ ಚಹಾದಂಗಡಿಯ ಬೆಂಚಿನಲ್ಲಿ ನಾಲ್ಕೈದು ಜನ. ನಾನು ಅವನ ಶಟರಿನ ಎದುರಿಗೇ ಬಂದು, ಗಟ್ಟಿಯಾಗಿ ಬ್ರೇಕು ಒತ್ತಿ ನಿಲ್ಲಿಸಿದೆ. ಅವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ನನ್ನನ್ನು ನೋಡಿ ನಕ್ಕ. ತಗ್ಗಿನ ಸೀಟಿನಲ್ಲಿದ್ದವನನ್ನು ನೋಡಲಿಲ್ಲ.

"ಅಕ್ಕ ಸ್ಪೋರ್ಟ್ಸ್ ಕಾರಲ್ಲಿ" ಎಂದ. ಬಾನೆಟ್ ಎತ್ತಿದೆ. ಅವನು ಬಗ್ಗಿ ನೋಡಿ, "ಸಿಲಿಂಡರ್ ನಂದೇ ಉಂಟಲ್ಲ" ಎಂದ.

"ನಿಂದೇ. ಬೋರು ಸರಿ ಉಂಟು."

"ಮತ್ತೆಂತ?" ಎಂದು ಗಿರಾಕಿಗಳ ಕಡೆ ತಿರುಗಿದ.

ನಾನು ಪೇಪರಿನ ಪೊಟ್ಟಣ ಬಿಚ್ಚಿ ವಾಲ್ವನ್ನು ಅವನ ಬೆಂಚಿನ ಮೇಲೆ ಇಟ್ಟೆ. ಬಾಯಿಪಾಠ ಮಾಡಿದ್ದನ್ನು ಹೇಳಬೇಕಾಗಿಯೇ ಬರಲಿಲ್ಲ, ಕೆಲಸ ಬಲ್ಲವನಲ್ಲವೇ, ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಅಷ್ಟರಲ್ಲಿ ಹಾಜಿಯವರು ಬಂದಿದ್ದರು. "ಇದು ಎಂತದು ಮಾರಾಯ? ಇದನ್ನು ತೆಗೀಲಿಕ್ಕೆ ನೀನು ನನ್ನನ್ನು ಮೂರು ಸಲ ವಾಪಸ್ ಕಳಿಸಿದ್ದಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

"ಯಾರಿಗೂ ತಪ್ಪಬಹುದು ಹಾಜಿಯವರೆ. ಸಣ್ಣ ಸಾಮಾನು."

"ಜೀಪಿನಲ್ಲೂ ತಪ್ಪಿದ್ದಾ?" ಎಂದೆ.

ಅವನ ಮುಖ ಗಟ್ಟಿಯಾಯಿತು. "ಅದು ನಿಮ್ಮ ಗಂಡನ ಕೆಲಸ. ಆ ಕತೆ ಇಲ್ಲಿ ಬೇಡ."

ಆಗ ಕಾರಿನ ಒಳಗಿನಿಂದ ಚಾಲಕ ಮಾತಾಡಿದ. "ಆ ಸಂಜೆ ಜೀಪು ಕೊಡುವಾಗ ನೀನು ನನ್ನ ಹತ್ರ ಒಂದು ಮಾತು ಹೇಳಿದ್ದಿ. ನಾನು ಮೂರು ದಿನದಿಂದ ಅದನ್ನೇ ನೆನಪು ಮಾಡ್ತಾ ಇದ್ದೇನೆ. ಹಿಂದಿನ ಚಕ್ರದ ರಬ್ಬರ್ ಕಪ್ಪು ತುರುಕಿಸಲಿಕ್ಕೆ ಜೀವ ಹೋಯ್ತು ಅಂತ ಹೇಳಿ ಬೆರಳು ತೋರಿಸಿದ್ದಿ, ರಕ್ತ ಇತ್ತು. ಕೆಲಸ ಅವರು ಮಾಡಿದ್ರೆ ನಿನ್ನ ಬೆರಳು ಯಾಕೆ ಕೊಯ್ದದ್ದು?"

ಪಾಲುದಾರ ತಿರುಗಿ ಸೀಟಿನಲ್ಲಿದ್ದವನನ್ನು ನೋಡಿದ. ಆ ನಂತರ ಗಿರಾಕಿಗಳ ಮುಖ ನೋಡಿದ. ಮತ್ತೆ, "ಅವತ್ತು ಭಾನುವಾರ, ಸರಿಯಾದ ಅಳತೆಯ ಕಪ್ಪು ಎಲ್ಲಿಯೂ ಸಿಗ್ಲಿಲ್ಲ" ಎಂದ. "ಸಂಜೆಗೆ ಜೀಪು ಬೇಕೇ ಬೇಕು ಹೇಳಿದ್ದು ನೀವೇ ಅಲ್ವ?"

ಚಹಾದಂಗಡಿಯ ಬೆಂಚಿನಲ್ಲಿ ಒಬ್ಬ ಲೋಟ ಕೆಳಗಿಟ್ಟ. ತಾನು ಎಂತ ಹೇಳಿದೆ ಎಂದು ಪಾಲುದಾರನಿಗೆ ಆಗ ತಿಳಿಯಿತು. ತನ್ನ ಬೆಂಚಿನ ಮೇಲಿನ ವಾಲ್ವನ್ನು ಎತ್ತಿ ಕಿಸೆಗೆ ಹಾಕಿಕೊಳ್ಳಲು ಹೋದ; ಕೈ ಸರಿಯಾಗಿ ಹಿಡಿಯದೆ ಅದು ಕೆಳಗೆ ಬಿದ್ದು ನೆಲದ ಕರಿ ಆಯಿಲಿನಲ್ಲಿ ಎಲ್ಲೋ ಹೋಯಿತು. ಅವನು ಅದನ್ನು ಹುಡುಕುತ್ತ ಬಗ್ಗಿದ. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಹುಡುಕುವುದಕ್ಕಲ್ಲ, ಏಳಲಾರದೆ ಬಗ್ಗಿದ್ದಾನೆ ಎಂದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು. ನಾನು ನಿಂತು ಪೂರ್ತಿ ನೋಡಿದೆ.

ಚಾಲಕ ಅವನಿಗೆ ಬೈಯಲಿಲ್ಲ. ಮಧೂರಿನಲ್ಲಿ ಇಳಿಸುವಾಗ ನನ್ನ ಕೈ ಹಿಡಿದುಕೊಂಡೇ, "ನಿಮ್ಮವರಿಗೆ ನಾನೂ ತುಂಬಾ ಶಾಪ ಹಾಕಿದ್ದೇನೆ" ಎಂದಷ್ಟೇ ಹೇಳಿದ. ಹಾಜಿಯವರು ಮುಂದಿನ ವಾರ ಹೆಂಡತಿಯೊಂದಿಗೆ ಮಡಿಕೇರಿಗೆ ಹೋಗಿಬಂದು ಒಂದು ಚೀಲ ಕಿತ್ತಳೆ ತಂದುಕೊಟ್ಟರು. ನಾಯ್ಮಾರ್ಮೂಲೆಯ ಗ್ಯಾರೇಜು ಕೂಡಲೇ ಏನೂ ಮುಚ್ಚಲಿಲ್ಲ. ಗಿರಾಕಿ ಕಡಿಮೆಯಾಗುತ್ತ ಬಂದು, ಮುಂದಿನ ಮಳೆಗಾಲದ ಹೊತ್ತಿಗೆ ಶಟರು ಎಳೆದಿತ್ತು. ಅದನ್ನು ನೋಡುವುದಕ್ಕೆಂದೇ ಒಮ್ಮೆ ಬಸ್ಸು ಹತ್ತಿ ಹೋಗಿದ್ದೆ. ಕುಂಪಸಾರದಲ್ಲಿ, ಪಾಪ ಒಪ್ಪಿಕೊಳ್ಳುವಾಗ, ಪಾದ್ರಿಗಳ ಮುಂದೆ ಇದನ್ನೆಲ್ಲ ಹೇಳಿದೆ, ಪಶ್ಚಾತ್ತಾಪ ಉಂಟಾ ಎಂದು ಅವರು ಕೇಳಿದ್ದಕ್ಕೆ ಇಲ್ಲ ಎಂದೆ.

ಆ ಗುರುವಾರದ ಮರುದಿನ, ಶುಕ್ರವಾರ, ಗಂಡನ ಫೋನು ಬಂತು. ಬ್ರೇಕು ಹೇಗುಂಟು ಎಂದು ಕೇಳಿದರು. ನೀವು ಹೇಳಿದ್ದೇ ಸರಿ, ವಾಲ್ವು ಸಿಕ್ಕಿತು ಎಂದೆ. ಮತ್ತೆ ನಾಯ್ಮಾರ್ಮೂಲೆಯಲ್ಲಿ ಆದದ್ದನ್ನು ಹೇಳಿದೆ. ಇಂಥದ್ದೆಲ್ಲ ಯಾಕೆ ಬೇಕಿತ್ತು ಎಂದು ಬೈಯಬಹುದು ಎಂದು ಬೇಗ ಬೇಗ ಹೇಳಿ ಮುಗಿಸಿದೆ.

"ಬಗ್ಗಿದವನು ಎಷ್ಟು ಹೊತ್ತು ಬಗ್ಗಿದ್ದ?" ಎಂದು ಕೇಳಿದರು.

"ತುಂಬಾ ಹೊತ್ತು."

"ಜನ ನೋಡ್ತಿದ್ದರಾ?"

"ಎಲ್ಲರೂ."

ಅವರು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ದೇಶ ಬಿಟ್ಟ ದಿನವೂ ಅವರು ಅತ್ತಿರಲಿಲ್ಲ, ಅವನ ಬಗ್ಗೆ ಒಂದು ಕೆಟ್ಟ ಮಾತು ಆಡಿರಲಿಲ್ಲ.

"ನೀನು ಗಡಿಬಿಡಿಯಲ್ಲಿ ಹೇಳಿದಿ" ಎಂದರು. "ಕಾರು ನಿಲ್ಲಿಸಿದಲ್ಲಿಂದ ಇನ್ನೊಮ್ಮೆ ಹೇಳು. ನಿಧಾನಕ್ಕೆ."

ನಾನು ಸ್ಟೂಲು ಎಳೆದುಕೊಂಡು ಕುಳಿತು, ಕಾರು ನಿಲ್ಲಿಸಿದಲ್ಲಿಂದ ಹೇಳತೊಡಗಿದೆ.